ಐದಕ್ಕೆ ಐದು

ಧಾರವಾಡ
೧೨ ಜೂನ್ ೨೦೨೩

ಮುದ್ದಕ್ಕನವರಿಗೆ ಪಲ್ಲವಿಯ ನಮಸ್ಕಾರಗಳು.

ನಿನ್ನೆ ಸಂಜೆ ಹಾಸ್ಟೆಲ್ ಸೇರಿದೆ. ನೀವು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ದಾವಣಗೆರೆ ದಾಟುವ ಮೊದಲೇ ಖಾಲಿ. ಪಕ್ಕದ ಸೀಟಿನ ಅಜ್ಜಿಯೊಬ್ಬರು "ಎಲ್ಲಿ, ಒಂಚೂರು ಕೊಡು" ಎಂದು ಕೈ ಚಾಚಿ, ತಿಂದು, "ಖಾರ ಹಾಕಿದವಳ ಕೈ ಧಾರಾಳ ಐತೆ" ಅಂದರು. ನಿಮಗೆ ತಲುಪಿಸಬೇಕಾದ ಮಾತು, ತಲುಪಿಸಿದ್ದೇನೆ.

ಫೋನಿನಲ್ಲಿ ಅರ್ಧ ಮಾತು ನೆಟ್‌ವರ್ಕ್ ತಿನ್ನುತ್ತದೆ, ಕಾಗದ ಬರಿ ಅಂದಿದ್ದಿರಿ. ನಲವತ್ತನೇ ವಯಸ್ಸಿನಲ್ಲಿ ಸಾಕ್ಷರತಾ ತರಗತಿಯಲ್ಲಿ ಕಲಿತ ಅಕ್ಷರ, ತಿದ್ದುತ್ತಾ ಇರದಿದ್ದರೆ ಮರೆತುಹೋಗುತ್ತವೆ ಅಂದಿದ್ದಿರಿ. ಅದಕ್ಕೇ ಈ ಕಾಗದ. ಉತ್ತರ ಬರೆಯಲೇಬೇಕು.

ನನ್ನ ಸಂಶೋಧನೆ ಏನು ಅಂತ ನೀವು ಮೂರು ಸಲ ಕೇಳಿದಿರಿ, ಮೂರು ಸಲವೂ ನಾನು ತೊದಲಿದೆ. ಈಗ ಸರಿಯಾಗಿ ಹೇಳುತ್ತೇನೆ. ಒಬ್ಬ ಮನುಷ್ಯ ತಾನೇ ಒಂದು ಉದ್ಯಮ ಯಾಕೆ ಶುರು ಮಾಡುತ್ತಾನೆ ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಧೈರ್ಯ, ಛಲ ಹುಟ್ಟುಗುಣ, ಅಂಥವರೇ ಮಾಡುತ್ತಾರೆ ಅನ್ನುವವರು ಕೆಲವರು. ಇಲ್ಲ, ಬೇರೆ ದಾರಿ ಕಾಣದೆ ಹೊಟ್ಟೆಪಾಡಿಗೆ ಮಾಡುತ್ತಾರೆ ಅನ್ನುವವರು ಕೆಲವರು. ಎಲ್ಲರ ಕಣ್ಣಿಗೂ ಬೀಳದ ಅವಕಾಶ ಒಬ್ಬರ ಕಣ್ಣಿಗೆ ಬೀಳುತ್ತದೆ ಅನ್ನುವುದು ಮೂರನೇ ವಾದ. ನಾನು ಈ ಮೂರನೆಯವರ ಕಡೆ. ನೀವೇ ಹೇಳಿದಿರಲ್ಲ, ಹದಿನೆಂಟು ವರ್ಷದ ಹಿಂದೆ ಉಣ್ಣೆಯನ್ನು ಹಾಗೇ ಮಾರುವ ಬದಲು ಕಂಬಳಿ ನೇಯ್ದು ಮಾರಿದರೆ ಚೆನ್ನ ಅಂತ ಥಟ್ಟನೆ ಹೊಳೆಯಿತು ಅಂತ. ನನ್ನ ಪ್ರಬಂಧದ ನಡುವಿನ ಅಧ್ಯಾಯ ಪೂರ್ತಿ ನೀವೇ.

ನಲವತ್ತು ದಿನ ನಿಮ್ಮ ಜೊತೆ ಮಾರಿಕಣಿವೆ, ಹಿರೇಗುಂಟನೂರು, ತುರುವನೂರು ಸುತ್ತಿದೆ. ಕಂಬಳಿ ನೇಯುವವರು, ರೊಟ್ಟಿ ಮಾಡಿ ಮಾರುವವರು, ಹುಣಸೆಹಣ್ಣಿನ ವ್ಯಾಪಾರದವರು. ನೀವು ಜೊತೆಗಿಲ್ಲದಿದ್ದರೆ ಒಬ್ಬ ಹೆಂಗಸೂ ನನ್ನ ಪ್ರಶ್ನೆಯ ಹಾಳೆ ಮುಟ್ಟುತ್ತಿರಲಿಲ್ಲ. ಅರವತ್ತಾರು ಹಾಳೆ ಮೇಜಿನ ಮೇಲಿವೆ. ಪ್ರತಿ ಹಾಳೆಯಲ್ಲೂ ನಲವತ್ತು ಸಾಲು, ಪ್ರತಿ ಸಾಲಿನ ಮುಂದೆ ಒಂದರಿಂದ ಐದು. ಒಂದು ಅಂದರೆ ಖಂಡಿತ ಅಲ್ಲ, ಐದು ಅಂದರೆ ಖಂಡಿತ ಹೌದು. ನೀವೇ ಒಟ್ಟುಮಾಡಿ ಅಂಟಿಸಿಕೊಟ್ಟ ಲಕೋಟೆ ಇನ್ನೂ ಒಡೆದಿಲ್ಲ. ಹಬ್ಬದ ಹೋಳಿಗೆಯ ಹಾಗೆ ಕಾಪಿಟ್ಟಿದ್ದೇನೆ.

ನಿಮ್ಮ ಅತ್ತಿಗೆ ಉಚ್ಚಂಗೆಮ್ಮನವರಿಗೆ ನಮಸ್ಕಾರ ಹೇಳಿ. ನೂಲುವ ರಾಟೆ ಮುಂದೆ ಕೂತು "ನಾನಿಲ್ದಿದ್ರೆ ಈ ಮುದ್ದಿ ಗತಿ ಏನೇ?" ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರಲ್ಲ, ಆ ಮಾತು ಕೇಳದೆ ಇಲ್ಲಿ ಬೆಳಗಾಗುತ್ತಿಲ್ಲ.

ನಿಮ್ಮ
ಪಲ್ಲವಿ


ಮಾರಿಕಣಿವೆ
೨೫ ಜೂನ್

ಮಗಳೆ ಪಲ್ಲವಿ,

ಕಾಗದ ಬಂತು. ಪೋಸ್ಟ್ ಉಗ್ರಪ್ಪ ಬಾಗ್ಲಾಗೆ ನಿಂತು "ಮುದ್ದಕ್ಕಂಗೆ ಧಾರವಾಡದಿಂದ ಬಂದೈತೆ" ಅಂತ ಊರಿಗೆಲ್ಲ ಕೇಳಂಗೆ ಕೂಗ್ದ. ಎದುರುಮನೆಯೋರು ಹೊರಗೆ ಬಂದು ನೋಡಿದ್ರು. ನಂಗೂ ಬೇಕಾಗಿತ್ತು ಅನ್ನು.

ಎರಡು ದಿನ ಓದ್ದೆ. ಅಲ್ಲ ಕಣೆ, ಅಷ್ಟು ಜನ ದೊಡ್ಡೋರು ಕುಂತ್ಕಂಡು ನಮ್ಮಂಥೋರು ಯಾಕೆ ಕೆಲ್ಸ ಶುರು ಮಾಡಿದ್ರು ಅಂತ ಜಗಳ ಆಡ್ತಾರಾ? ಅವರಿಗೆ ಮನೆಯಾಗೆ ಕೆಲ್ಸ ಇಲ್ವಾ? ನಮ್ಮೆಜಮಾನ್ರಿಗೆ, ಅದೇ ಕಾಟಲಿಂಗಪ್ಪಂಗೆ, ಓದಿ ಹೇಳ್ದೆ. ಕುರಿ ಹೊಡ್ಕಂಡು ಹೊರಟಿದ್ದೋರು ನಿಂತು ನಕ್ಕರು.

ಇಲ್ಲಿ ಎಲ್ರೂ ಚೆಂದಾಗಿದೀವಿ. ಕಣಿವೆಯಾಗೆ ನೀರು ಐತೆ. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಬಿಸ್ಲಿಗೆ ಹರವಿದ್ವಿ, ಮೋಡ ಮುಚ್ಚಿ ಮೂರು ದಿನ ಆಟ ಆಡ್ಸಿತು. ಅತ್ತಿಗೆ ಮೋಡಕ್ಕೂ ಬೈದ್ಲು. ನನ್ನ ಗಂಡನ ಅಕ್ಕ ಆಗಿ ಹುಟ್ಟಿದ್ದು ನನ್ನ ಪುಣ್ಯ, ಇಲ್ದಿದ್ರೆ ಬೈಸ್ಕಣಾಕೆ ಬ್ಯಾರೆ ಊರಿಗೆ ಹೋಗ್ಬೇಕಾಗಿತ್ತು.

ನಿನ್ನ ಪೇಪರ್ ನೋಡಿದ್ರಾ ನಿಮ್ಮ ಮೇಡಂ? ಎಷ್ಟಕ್ಕೆ ಎಷ್ಟು ಬಂತು? ಬಂದ ತಕ್ಷಣ ಬರೀ. ನಮ್ಮ ಹೆಂಗಸ್ರೆಲ್ಲ ಕೇಳ್ತಾ ಅವ್ರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಒಣಗಿದ ಕಡ್ಡಿ ಆಗಿದೀಯ.

ಮುದ್ದಕ್ಕ


ಧಾರವಾಡ
೨೦ ಜುಲೈ

ಮಾನ್ಯ ಮುದ್ದಕ್ಕನವರಿಗೆ,

ತಮ್ಮ ಪತ್ರ ತಲುಪಿತು. ಉತ್ತರ ತಡವಾಯಿತು.

ಹಾಳೆಗಳನ್ನು ನಮ್ಮ ಮಾರ್ಗದರ್ಶಕರಾದ ಸರ್ವಮಂಗಳ ಮೇಡಂ ನೋಡಿದರು. ಅರವತ್ತಾರು ಹಾಳೆಗಳಲ್ಲೂ, ನಲವತ್ತು ಸಾಲುಗಳಲ್ಲೂ ಉತ್ತರ ಒಂದೇ, ಐದು. "ನನಗೆ ನಷ್ಟದ ಭಯವಿಲ್ಲ" ಅನ್ನುವುದಕ್ಕೂ ಐದು, "ನಷ್ಟದ ಭಯದಿಂದ ನಾನು ಹೊಸದಕ್ಕೆ ಕೈ ಹಾಕುವುದಿಲ್ಲ" ಅನ್ನುವುದಕ್ಕೂ ಐದು. ಇವನ್ನು ಯಾವುದಕ್ಕೂ ಬಳಸಲಾಗುವುದಿಲ್ಲ.

ಯಾರೂ ಓದದೆ ಗೀಟು ಹಾಕಿದ್ದಾರೆ ಎಂದು ಕಾಣುತ್ತದೆ. ಎಲ್ಲರಿಗೂ ಕೆಲಸವಿರುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಇಷ್ಟವಿಲ್ಲದಿದ್ದರೆ ಮುಖಕ್ಕೇ ಹೇಳಬಹುದಿತ್ತು. ನಾನು ಬಿಸಿಲಲ್ಲಿ ತಿರುಗುವಾಗ ಎಲ್ಲರೂ ಒಳಗೊಳಗೇ ನಗುತ್ತಿದ್ದಿರೇನೋ ಅನ್ನಿಸಿ ಬೇಸರವಾಯಿತು, ಅಷ್ಟೆ.

ಸಾಧ್ಯವಾದರೆ ತಿಳಿಸಿ.

ಪಲ್ಲವಿ


ಹೊಳಲ್ಕೆರೆ
೬ ಸೆಪ್ಟೆಂಬರ್

ಮುದ್ದಕ್ಕ,

ಏಳು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ದಿನಾ ಹಾಸ್ಟೆಲ್ಲಿನ ಟಪಾಲು ಪೆಟ್ಟಿಗೆ ನೋಡಿ ನೋಡಿ ಸಾಕಾಗಿ ಊರಿಗೆ ಬಂದಿದ್ದೇನೆ.

ನನ್ನ ಹಿಂದಿನ ಕಾಗದ ಕೆಟ್ಟದಾಗಿತ್ತು. ಪೋಸ್ಟ್ ಮಾಡಿ ರಸ್ತೆ ದಾಟುವಷ್ಟರಲ್ಲಿ ಗೊತ್ತಾಯಿತು. ಪೆಟ್ಟಿಗೆಯೊಳಗೆ ಕೈ ಹೋಗಲ್ಲವಲ್ಲ! ನಿಮ್ಮ ಮನೆಯ ಅನ್ನ ಉಂಡವಳು ನಿಮಗೆ "ಮಾನ್ಯ" ಅಂತ ಬರೆದೆ. ತಪ್ಪಾಯಿತು ಅಕ್ಕ.

ಆಗ ಹೇಳದ ಒಂದು ಮಾತು ಇದೆ. ಆ ಹಾಳೆಗಳನ್ನು ನೋಡಿ ಮೇಡಂ ಕನ್ನಡಕ ತೆಗೆದಿಟ್ಟು, "ಪಲ್ಲವಿ, ನಿಜ ಹೇಳು, ಇವನ್ನು ಕೂತು ತುಂಬಿಸಿದ್ದು ಯಾರು?" ಅಂದರು. ನಾನೇ ಹಾಸ್ಟೆಲ್ಲಿನಲ್ಲಿ ಕೂತು ಸುಳ್ಳು ಗೀಟು ಎಳೆದಿದ್ದೇನೆ ಅನ್ನುವುದು ಅವರ ಅನುಮಾನ. ಯಾಕೆ ಅನುಮಾನ ಬರಬಾರದು ಹೇಳಿ? ಅರವತ್ತಾರು ಜನ ಒಂದೇ ಥರ ಇರುತ್ತಾರಾ? ಹಾಳೆ ಎತ್ತಿಕೊಂಡು ಸಿಟ್ಟಿನಲ್ಲಿ ಹೊರಗೆ ಬಂದೆ. ಆ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಂಡೆ.

ಡಿಸೆಂಬರ್ ಒಳಗೆ ನಂಬುವಂಥ ಮಾಹಿತಿ ಕೊಡದಿದ್ದರೆ ನನ್ನ ನೋಂದಣಿ ರದ್ದಾಗುತ್ತದೆ. ನಾಲ್ಕು ವರ್ಷದ ಓದು ನೀರಿನಲ್ಲಿ ಹೋಮ. ಅಪ್ಪ ಏನೂ ಅನ್ನಲ್ಲ. ಆದರೆ ಅಮ್ಮ ನಿನ್ನೆ ಯಾರದೋ ಜಾತಕ ತಂದು ದೇವರ ಮುಂದೆ ಇಟ್ಟಿದ್ದಾಳೆ. ಬಿಟ್ಟುಬಿಡೋಣ ಅನ್ನಿಸುತ್ತಿದೆ.

ಓದಿನ ಮಾತು ಹಾಳಾಗಿ ಹೋಗಲಿ. ನೀವು ಚೆನ್ನಾಗಿದ್ದೀರಿ ಅಂತ ಒಂದು ಸಾಲು ಬರೆಯಿರಿ, ಸಾಕು.

ಪಲ್ಲವಿ


ಮಾರಿಕಣಿವೆ
೧೯ ಸೆಪ್ಟೆಂಬರ್

ಮಗಳೆ,

ನಿನ್ನ ಸಿಟ್ಟಿನ ಕಾಗದಕ್ಕೆ ಉತ್ತರ ಬರೆಯಾಕೆ ನಾಕು ಸಲ ಕುಂತೆ, ನಾಕು ಸಲ ಎದ್ದೆ. ಆಮೇಲಿಂದು ಓದಿದ್ಮೇಲೆ ಕುಂತಲ್ಲಿ ಕೂರಾಕೆ ಆಗ್ಲಿಲ್ಲ. ತಪ್ಪು ನಂದು. ಆ ಹೆಂಗಸ್ರದ್ದು ಯಾರ್ದೂ ಅಲ್ಲ, ನಂದೊಬ್ಬಳ್ದೇ.

ನೀನು ಹಾಳೆ ಕೊಟ್ಟು ಒಂದರಿಂದ ಐದು ಅಂದ್ಯಲ್ಲ, ನಂಗೆ ತಿಳಿದಿದ್ದು ಏನು ಗೊತ್ತಾ? ಇದು ನಿನ್ನ ಪರೀಕ್ಷೆ, ಮಾರ್ಕ್ಸ್ ಹಾಕೋರು ನಾವು ಅಂತ! ನೀನು ವಿವರ ಹೇಳಿದ್ದೆ ಬಿಡು, ನನ್ನ ತಲೆಗೆ ಹೋಗಿದ್ದು ಇಷ್ಟೇ. ಹೆತ್ತೋರ್ನ ಬಿಟ್ಟು ಅಷ್ಟು ದೂರ ಓದಾಕೆ ಹೋಗೈತೆ, ಕಾಲಾಗೆ ಬೊಬ್ಬೆ ಬಂದ್ರೂ ಊರೂರು ತಿರುಗ್ತೈತೆ, ಅಂಥ ಹುಡುಗಿಗೆ ಮೂರು ಹಾಕಾಕೆ ಯಾರಿಗೆ ಕೈ ಬರ್ತದೆ? ನೀನು ಎಲ್ಲಿ ನೀರು ಕುಡಿಯಾಕೆ ಒಳಗೆ ಹೋದ್ರೂ ನಾನು ಹಿಂದಿಂದ ಹೇಳ್ತಿದ್ದೆ, "ಏನು ಬರ್ದೈತೆ ಅಂತ ನೋಡಾಕೆ ಹೋಗಬ್ಯಾಡ್ರಿ, ಐದಕ್ಕೆ ಐದು ಹಾಕ್ರಿ, ಹುಡುಗಿ ಪಾಸಾಗ್ಲಿ" ಅಂತ. ತುರುವನೂರು ಏಕಾಂತಮ್ಮ ಒಂದೇ ಒಂದು ಕಡೆ ನಾಕು ಹಾಕಿದ್ಲು. "ಯಾಕಮ್ಮ, ಆ ಹುಡುಗಿ ನಿಂಗೇನು ಮಾಡೈತೆ?" ಅಂತ ಗದರಿಸಿ ಅಳಿಸಿ ಐದು ಮಾಡಿಸ್ದೆ. ಅವಳು ಇನ್ನೂ ನನ್ನ ಮೇಲೆ ಮುನಿಸ್ಕಂಡವ್ಳೆ.

ನಗಬ್ಯಾಡ. ನಕ್ಕರೂ ನಗು ಹೋಗು. ನಿಮ್ಮ ಮೇಡಂಗೆ ಈ ಕಾಗದ ತೋರ್ಸು. ನಮ್ಮ ಹುಡುಗಿ ಸುಳ್ಳು ಹೇಳೋಳಲ್ಲ, ದಡ್ಡಿ ನಾನು ಅಂತ ಹೇಳು. ಬೇಕಂದ್ರೆ ಧಾರವಾಡಕ್ಕೆ ಬಂದು ಎದುರಿಗೆ ನಿಂತು ಹೇಳ್ತೀನಿ.

ಇನ್ನು ಈ ಕೆಳಗಿಂದು ಮೇಡಂಗೆ ತೋರಿಸಬ್ಯಾಡ. ಹರಿದು ಬ್ಯಾರೆ ಇಟ್ಕ.

ತಪ್ಪು ಒಪ್ಕಳಾಕೆ ಕುಂತ ಮೇಲೆ ಪೂರ್ತಿ ಒಪ್ಕಂಬೇಕು. ಕಂಬಳಿ ಕೆಲ್ಸ ಹೊಳೀತು ಗಿಳೀತು ಅಂತ ನಿಂಗೆ ಹೇಳಿದ್ದೂ ಸುಳ್ಳು. ಏನೂ ಹೊಳೀಲಿಲ್ಲ ತಾಯಿ. ಅತ್ತಿಗೆ ಗಂಡನ್ನ ಕಳ್ಕಂಡು ತವರಿಗೆ ಬಂದು ಎರಡು ವರ್ಷ ಆಗಿತ್ತು. ಒಂದಿನ ಗೋವಿಂದಪ್ಪ ಮಾವ, ನಮ್ಮನೆಯೋರ ಚಿಕ್ಕಪ್ಪ, ಉಣ್ಣಾಕೆ ಕುಂತಾಗ "ಉಚ್ಚಂಗೀನ ಹೊಸದುರ್ಗದ ಕಡೆ ಕಳ್ಸಾಣ, ಅಲ್ಲಿ ನೆಂಟ್ರ ಮನೆಯಾಗೆ ಇರ್ತಾಳೆ" ಅಂದ್ರು. ಭಾರ ಆದ್ಲು ಅಂತ ತಳ್ತಾ ಅವ್ರೆ, ಕಂಡೋರ ಮನೆಯಾಗೆ ಮುಸುರೆ ತಿಕ್ಕಾಕೆ ಕಳಿಸ್ತಾರೆ ಅನ್ಸಿತು. ಬಡಿಸ್ತಾ ಇದ್ದೋಳು ತಟ್ಟೆ ಹಿಡ್ಕಂಡೇ ಅಂದೆ, "ಕಳ್ಸಂಗಿಲ್ಲ, ನಂಗೆ ಅತ್ತಿಗೆ ಬೇಕು. ನಾನು ಕಂಬಳಿ ಕೆಲ್ಸ ಶುರು ಮಾಡ್ತೀನಿ, ನೂಲಾಕೆ ಅವಳೇ ಆಗ್ಬೇಕು."

ನಮ್ಮನೆಯಾಗೆ ಕುರಿ ಕಾಯ್ತಿದ್ರೇ ಹೊರ್ತು ಕಂಬಳಿ ನೇಯ್ತಿರ್ಲಿಲ್ಲ. ಮಗ್ಗದ ಮುಂದು ಯಾವ್ದು ಹಿಂದು ಯಾವ್ದು ನಂಗೆ ಗೊತ್ತಿರ್ಲಿಲ್ಲ. ಬಾಯಿಂದ ಬಿದ್ದೋಯ್ತು. ಆಡಿದ್ಮೇಲೆ ಮಾಡಿ ತೋರಿಸ್ಬೇಕಲ್ಲ, ಕಲ್ತೆ. ಆ ವರ್ಷ ನಂಗೆ ಮೈಯೂ ಚೆಂದಾಗಿರ್ಲಿಲ್ಲ. ಹೆಂಗೋ ಕಲ್ತೆ.

ನಿಮ್ಮ ದೊಡ್ಡೋರು ಹೇಳ್ತಾರಲ್ಲ ಧೈರ್ಯ, ಹೊಟ್ಟೆಪಾಡು, ಅವಕಾಶ, ನಂದು ಯಾವ ಲೆಕ್ಕಕ್ಕೆ ಬರ್ತದೋ ನಂಗೆ ತಿಳೀವಲ್ದು. ಅತ್ತಿಗೆ ಮನೆಯಾಗೆ ಇರಾಕೆ ಒಂದು ನೆವ ಬೇಕಿತ್ತು, ಅಷ್ಟೇ.

ಅವಳಿಗೆ ಇದು ಗೊತ್ತಿಲ್ಲ. ತಾನು ನಂಗೆ ಆಸರೆ ಅಂದ್ಕಂಡವ್ಳೆ. ಹಂಗೇ ಇರ್ಲಿ. ಮುದ್ದಿ ಕರುಣೆಯಾಗೆ ಇಷ್ಟು ವರ್ಷ ಉಂಡೆ ಅಂತ ತಿಳಿದ್ರೆ ಅವತ್ತೇ ಮುರಿದು ಬೀಳ್ತಾಳೆ. ನಿನ್ನ ಪುಸ್ತಕದಾಗೆ ಇದನ್ನ ಬರೀಬ್ಯಾಡ. ನನ್ನ ಮೇಲೆ ಆಣೆ.

ಓದು ಬಿಡಬ್ಯಾಡ.

ಮುದ್ದಕ್ಕ


ಧಾರವಾಡ
೨ ಅಕ್ಟೋಬರ್

ಅಕ್ಕಾ,

ಅಲ್ಲ, ಅರವತ್ತಾರು ಜನ ಸೇರಿ ನನ್ನನ್ನು ಪಾಸು ಮಾಡಿಸೋಕೆ ಹೋಗಿ ಫೇಲು ಮಾಡಿದ್ದೀರಲ್ಲ! ಹೊಳಲ್ಕೆರೆಯ ಮನೆಯಲ್ಲಿ ಕೂತು ಎಷ್ಟು ನಕ್ಕೆ ಅಂದರೆ ಅಮ್ಮ ಒಳಗಿನಿಂದ ಓಡಿ ಬಂದಳು. ಬರುವಷ್ಟರಲ್ಲಿ ಅಳುತ್ತಿದ್ದೆ. ಇಷ್ಟೊಂದು ಜನ ನನ್ನ ಒಳ್ಳೆಯದಕ್ಕೆ ನಿಂತಿದ್ದರು, ನಾನು ನಗುತ್ತಿದ್ದಾರೆ ಅಂದುಕೊಂಡೆ. ಯಾವ ಬಾಯಲ್ಲಿ ಕ್ಷಮಿಸಿ ಅನ್ನಲಿ?

ಮೇಡಂಗೆ ನಿಮ್ಮ ಕಾಗದದ ಮೇಲಿನ ಅರ್ಧ ತೋರಿಸಿದೆ. ಎರಡು ಸಲ ಓದಿದರು. ಆಮೇಲೆ ಏಕಾಂತಮ್ಮನ ಹಾಳೆ ತೆಗಿ ಅಂದರು. ಕಿಟಕಿ ಬೆಳಕಿಗೆ ಹಿಡಿದರೆ ಹದಿನೇಳನೇ ಸಾಲಿನಲ್ಲಿ ಅಳಿಸಿದ ನಾಲ್ಕು ಕಾಣುತ್ತಿತ್ತು. ಮೇಡಂ ಎದ್ದು ಬಂದು ನನ್ನ ತಲೆ ಸವರಿದರು. "ನನ್ನಿಂದಲೂ ತಪ್ಪಾಯಿತು" ಅಂದರು. ಏಕಾಂತಮ್ಮನ ಕಾಲಿಗೆ ಬೀಳಬೇಕು ನಾನು.

ಡಿಸೆಂಬರ್ ಗಡುವು ಹಾಗೇ ಇದೆ. ಒಂದರಿಂದ ಐದರ ಅಂಕಿ ಬೇಡ, ಒಂದೇ ಪ್ರಶ್ನೆ ಕೇಳು ಅಂದಿದ್ದಾರೆ ಮೇಡಂ. "ನಮ್ಮ ಶಾಸ್ತ್ರ ಯಾವಾಗಲೂ ಒಂಟಿ ಮನುಷ್ಯನನ್ನೇ ಹುಡುಕುತ್ತದೆ. ಅವನ ಗುಣ, ಅವನ ಕಣ್ಣು, ಅವನ ಹೊಟ್ಟೆ. ಅವರ ಬಾಯಿಂದಲೇ ಕೇಳಿದರೆ ಬೇರೇನಾದರೂ ಸಿಗಬಹುದು" ಅಂದರು. ಇಲ್ಲಿ ಪರೀಕ್ಷೆ ಕೆಲಸ ಹಚ್ಚಿದ್ದಾರೆ, ನಾನು ಊರು ಬಿಡುವ ಹಾಗಿಲ್ಲ. ನೀವೇ ನನ್ನ ಕೈಯಾಗಬೇಕು. ಖಾಲಿ ಹಾಳೆ ಕಳಿಸಿದ್ದೇನೆ. "ಈ ಕೆಲಸಕ್ಕೆ ಯಾಕೆ ಕೈ ಹಾಕಿದಿರಿ?" ಇಷ್ಟೇ ಕೇಳಿ. ಅವರು ಹೇಳಿದ ಹಾಗೇ ಬರೆಯಿರಿ, ನಿಮ್ಮ ಒಗ್ಗರಣೆ ಬೇಡ. ನೇಯ್ದು ಮಾರುವವರನ್ನು ಮಾತ್ರವಲ್ಲ, ಮನೆಯಲ್ಲಿ ಕೂತು ನೂಲುವವರನ್ನೂ ಕೇಳಿ.

ಕೆಳಗಿನ ಅರ್ಧ ನನ್ನ ಪೆಟ್ಟಿಗೆಯಲ್ಲಿದೆ. ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ ಅಕ್ಕ. ಓದಿದ ಕೂಡಲೇ ನನಗೆ ಬಂದ ಮೊದಲ ಯೋಚನೆ, ಅಬ್ಬಾ, ನನ್ನ ಪ್ರಬಂಧ ಉಳಿಯಿತು ಅಂತ. ಯಾವ ವಿದ್ವಾಂಸನೂ ಬರೆಯದ ಕಾರಣ ಅದು. ನಾಲ್ಕು ಪುಟ ಬರೆದೂಬಿಟ್ಟೆ. ಬರೆದು ಓದಿದಾಗ ಉಚ್ಚಂಗೆಮ್ಮನವರ ಮುಖ ಕಣ್ಣಮುಂದೆ ಬಂತು. ಹರಿದು ಹಾಕಿದೆ.

ಮೇಡಂ ಕೇಳಿದರು, "ಮುದ್ದಕ್ಕ ಯಾಕೆ ಶುರು ಮಾಡಿದ್ದು?" ಗೊತ್ತಿಲ್ಲ ಅಂದೆ. "ನಲವತ್ತು ದಿನ ಅವರ ಮನೆಯಲ್ಲಿದ್ದು ಗೊತ್ತಿಲ್ಲವಾ?" ಇಲ್ಲ ಮೇಡಂ ಅಂದೆ. ನಡುವಿನ ಅಧ್ಯಾಯ ಖಾಲಿ ಇದೆ. ಇರಲಿ ಬಿಡಿ, ಅದಿಲ್ಲದೆಯೂ ಹೇಗೋ ನಡೆಯುತ್ತದೆ.

ನಿಮ್ಮ ಮಗಳು
ಪಲ್ಲವಿ


ಮಾರಿಕಣಿವೆ
೨೬ ನವೆಂಬರ್

ಪಲ್ಲವಿ ತಾಯಿ,

ಅರವತ್ತೇಳು ಹಾಳೆ ಕಟ್ಟಿ ಕಳ್ಸಿದೀನಿ. ಉಗ್ರಪ್ಪ ತೂಕ ಮಾಡಿ "ಏನಕ್ಕ, ಕಂಬಳೀನೇ ಕಳಿಸ್ತಾ ಇದೀಯಾ?" ಅಂದ.

ಊರೂರು ತಿರುಗ್ದೆ. ಒಬ್ಬೊಬ್ಬರ ಮುಂದೆ ಕುಂತು, ಅವರು ಹೇಳಿದ್ದು ನಾನು ಬರ್ಯೋದು. ಮೊದಮೊದ್ಲು ಒಬ್ಬೊಬ್ಬರ್ದು ಬರೆಯಾಕೆ ಅರ್ಧ ದಿನ ಆಯ್ತು. ಒಗ್ಗರಣೆ ಹಾಕಿಲ್ಲ, ದೇವರಾಣೆ. ಏಕಾಂತಮ್ಮ ಏನಂದ್ಲು ಗೊತ್ತಾ? "ಹಗಲೆಲ್ಲ ಗಂಡನ ಮುಖ ನೋಡಾಕೆ ಆಗಲ್ಲ ಅಂತ ರೊಟ್ಟಿ ಅಂಗಡಿ ಇಟ್ಟೆ, ಬರ್ಕ" ಅಂದ್ಲು. ಬರ್ಕಂಡೆ. ಅವಳ ಗಂಡ ಅಲ್ಲೇ ಕುಂತಿದ್ದ, ಪಾಪ. ನಾಕು ಹಾಕಿದ್ದಕ್ಕೆ ಪುಣ್ಯ ಬಂತು ನೋಡು ಅಂತ ನಾನೂ ಅವಳೂ ರಾಜಿ ಆದ್ವಿ.

ನೂಲೋರ್ನೂ ಕೇಳು ಅಂದಿದ್ದೆ. ಅತ್ತಿಗೆ ಒಬ್ಬಳು ಉಳಿದಿದ್ಲು. ಹೋದ ಸಲ ಹಾಳೆ ಮುಟ್ಟೇ ಇರ್ಲಿಲ್ಲ ಅವಳು, "ನನ್ನ ಕಣ್ಣು ಕಾಣಲ್ಲ, ಹೋಗ್ರೆ" ಅಂದಿದ್ಲು. ಮೊನ್ನೆ ಮಧ್ಯಾಹ್ನ ಅಂಗಳದ ಬಿಸ್ಲಾಗೆ ಉಣ್ಣೆ ಹಿಂಜ್ತಾ ಕುಂತಿದ್ಲು. ಪೆನ್ನು ಹಾಳೆ ತಗಂಡು ಎದುರಿಗೆ ಕುಂತೆ.

"ಅತ್ತಿಗೆ, ಈ ಕೆಲ್ಸಕ್ಕೆ ಯಾಕೆ ಕೈ ಹಾಕ್ದೆ?" ಅಂದೆ.

"ನಿನ್ನ ಸಲುವಾಗಿ" ಅಂದ್ಲು. ತಲೆ ಕೂಡ ಎತ್ಲಿಲ್ಲ.

"ಹಂಗಂದ್ರೆ?"

"ಹಂಗಂದ್ರೆ ಹಂಗೇ. ಹೊಸದುರ್ಗದಾಗೆ ನಮ್ಮ ಚಿಕ್ಕಮ್ಮ ಇದ್ಲು, ಮಕ್ಕಳಿಲ್ಲ. ತೆಂಗಿನ ತೋಟ, ಹಂಚಿನ ಮನೆ. ಬಾರೆ ನನ್ನ ಮಗಳಂಗೆ ಇರು ಅಂತ ಎರಡು ಸಲ ಹೇಳಿ ಕಳಿಸಿದ್ಲು. ಹೋಗ್ತೀನಿ ಅಂತ ನಾನೇ ಗೋವಿಂದಪ್ಪ ಚಿಕ್ಕಪ್ಪಂಗೆ ಹೇಳಿದ್ದೆ. ಗಂಟು ಕಟ್ಟಿ ಇಟ್ಟಿದ್ದೆ."

ಹದಿನೆಂಟು ವರ್ಷ ನಾನು ಅವಳ್ನ ಉಳಿಸ್ಕಂಡೆ ಅಂತ ತಿಳಿದಿದ್ದೆ.

"ಮತ್ತೆ ಯಾಕೆ ಹೋಗ್ಲಿಲ್ಲ?" ಅಂದೆ.

ಅವಾಗ ಉಣ್ಣೆ ಕೆಳಗೆ ಇಟ್ಲು. "ಕೂಸು ಕಳ್ಕಂಡು ಮೂರು ತಿಂಗ್ಳು ಆಗಿತ್ತು ನಿಂಗೆ. ಉಪ್ಪು ಬೇಕಾ ಅಂದ್ರೆ ಬ್ಯಾಡ, ನೀರು ಬೇಕಾ ಅಂದ್ರೆ ಬ್ಯಾಡ, ತವರಿಗೆ ಹೋಗ್ತೀಯಾ ಅಂದ್ರೆ ಬ್ಯಾಡ. ಬಾವಿ ಕಡೆ ಹೋದ್ರೆ ನಾನು ಹಿಂದೆ ಬರ್ತಿದ್ದೆ, ನಿಂಗೆ ಗೊತ್ತಿಲ್ಲ. ಅವತ್ತು ತಟ್ಟೆ ಹಿಡ್ಕಂಡು ನಿಂತು ನಂಗೆ ಅತ್ತಿಗೆ ಬೇಕು ಅಂದೆ ನೋಡು. ಮೂರು ತಿಂಗಳಾಗೆ ನಿನ್ನ ಬಾಯಿಂದ ಬೇಕು ಅಂತ ಬಂದಿದ್ದು ಅದೊಂದೇ ಮಾತು. ಕಂಬಳಿನೋ ಗಿಂಬಳಿನೋ, ಏನೋ ಒಂದು ಬೇಕು ಅಂದ್ಲಲ್ಲ ಅಂತ ಗಂಟು ಬಿಚ್ಚಿದೆ. ಬರ್ಕಂಡ್ಯಾ?"

"ಬರ್ಕಂತಾ ಇದೀನಿ" ಅಂದೆ.

"ಓದು ನೋಡಾಣ."

ಓದಾಕೆ ಹೋದೆ, ಮೊದಲ್ನೇ ಸಾಲಿಗೇ ತಡವರಿಸ್ದೆ. "ನಲ್ವತ್ತಕ್ಕೆ ಕಲ್ತ ಅಕ್ಷರ, ತಡವರಿಸ್ತವೆ ಬಿಡು" ಅಂದ್ಲು ಮಹಾತಾಯಿ.

ಆ ಕೂಸಿನ ಮಾತು ನಿಂಗೆ ನಾನು ಹೇಳಿರ್ಲಿಲ್ಲ. ಯಾರಿಗೂ ಹೇಳಲ್ಲ. ಮೈ ಚೆಂದಾಗಿರ್ಲಿಲ್ಲ ಅಂತ ಬರೆದಿದ್ನಲ್ಲ, ಅದೇ ಅದು.

ಆಮೇಲೆ ನಂದೂ ಅವಳಿಗೆ ಹೇಳಿಬಿಟ್ಟೆ, ನೀನು ಮುಸುರೆ ತಿಕ್ಕಾಕೆ ಹೋಗ್ತೀಯ ಅಂತ ಹೆದರಿ ಕಂಬಳಿ ಅಂದಿದ್ದು, ಇಲ್ದಿದ್ರೆ ಕಂಬಳಿ ಗೊಡವೆ ಯಾರಿಗೆ ಬೇಕಾಗಿತ್ತು ಅಂತ. ಮುರಿದು ಬೀಳ್ತಾಳೆ ಅಂತ ಹೆದರಿದ್ನಲ್ಲ, ಏನೂ ಇಲ್ಲ. "ಥೂ ನಿನ್ನ! ನನ್ನ ತೆಂಗಿನ ತೋಟ ಹಾಳು ಮಾಡಿದ್ಯಲ್ಲೇ ಮುದ್ದಿ" ಅಂತ ಬೆನ್ನಿಗೆ ಒಂದು ಗುದ್ದಿದ್ಲು. ಗುದ್ದಿದ ಕೈ ಅಲ್ಲೇ ಇಟ್ಕಂಡು ಬಾಳ ಹೊತ್ತು ಕುಂತಿದ್ಲು. ನಮ್ಮನೆಯೋರು ಕುರಿ ಹೊಡ್ಕಂಡು ಬಂದಾಗ್ಲೂ ನಾವು ಎದ್ದಿರ್ಲಿಲ್ಲ.

ಇನ್ನು ನಂದೇನೂ ಅಡ್ಡಿ ಇಲ್ಲ. ಅವಳ್ದೂ ಇಲ್ಲ, ಕೇಳಿದೀನಿ. ನಿನ್ನ ನಡುವಿನ ಅಧ್ಯಾಯ ತುಂಬ್ಸು. ಮಾರಿಕಣಿವೆಯಾಗೆ ಕಂಬಳಿ ಕೆಲ್ಸ ಶುರು ಮಾಡಿದ್ದು ಯಾರು ಅಂತ ನಿಮ್ಮ ಮೇಡಂ ಕೇಳಿದ್ರೆ ಇಬ್ಬರ ಹೆಸ್ರೂ ಬರೀ ತಾಯಿ. ಉಚ್ಚಂಗೆಮ್ಮಂದು ಮೊದ್ಲು ಬರೀ.

ಮುದ್ದಕ್ಕ